ಮೊಗೆಕಾಯಿ ಬೀಜದ ಗೋಡೆ

ಕಳೆದ ವಾರ ಕಾರವಾರದ ನಮ್ಮ ಕಾಲೇಜಿನ ಕಂಪೌಂಡಿಗೆ ಬಣ್ಣ ಬಳಿದರು, ಅದರ ಮೇಲೆ ‘ಪರಿಸರ ಉಳಿಸಿ’ ಎಂದು ಬರೆಯಲಿಕ್ಕೆ. ಬರೆದವರಿಗೆಲ್ಲ ಪ್ಲಾಸ್ಟಿಕ್ ಲೋಟದಲ್ಲಿ ಶರಬತ್ತು ಕೊಟ್ಟರು; ಲೋಟಗಳು ಈಗಲೂ ಗಟಾರದಲ್ಲಿ ಪರಿಸರ ಉಳಿಸುತ್ತಿವೆ. ಹಸಿ ಬಣ್ಣದ ಆ ವಾಸನೆ ಮೂಗಿಗೆ ಬಡಿದದ್ದೇ ಬೊಬ್ರುವಾಡದ ನಮ್ಮ ಅಡುಗೆಕೋಣೆ ಕಣ್ಣೆದುರು ಬಂದು ನಿಂತಿತು. ಅಂಥದ್ದೊಂದನ್ನು ಕಳೆದುಕೊಂಡವರು ನೀವೂ ಆಗಿದ್ದರೆ ನಿಮಗೆ ಗೊತ್ತು: ಹೊಗೆ ಕುಡಿದು ಕಪ್ಪಾದ ಗೋಡೆ, ಒದ್ದೆ ಕಟ್ಟಿಗೆಯ ಕಮಟು, ಮತ್ತು ಗೋಡೆಯ ತುಂಬ ಸಾಲಾಗಿ ತಟ್ಟಿದ ಸಗಣಿ ಬೂದಿಯ ಬಿಲ್ಲೆಗಳು. ಒಂದೊಂದು ಬಿಲ್ಲೆಯೊಳಗೂ ಮುಂದಿನ ವರ್ಷದ ಬೀಜ ಬೆಚ್ಚಗೆ ಮಲಗಿರುತ್ತಿತ್ತು. ಹುಳ ಹತ್ತುತ್ತಿರಲಿಲ್ಲ, ಇಲಿ ಮೂಸುತ್ತಿರಲಿಲ್ಲ. ಪೇಟೆಯ ನೆಂಟರೂ ಮೂಸುತ್ತಿರಲಿಲ್ಲ.

ಅಪ್ಪನನ್ನು ಹೆತ್ತ ನಮ್ಮ ಅಜ್ಜಿ ಆ ಕೋಣೆಯ ಸರ್ವಾಧಿಕಾರಿ. ತಾನು ನಡೆದು ಹೋಗಿ ಬರಲಾಗದ ಊರಿನ ತರಕಾರಿ ತನ್ನ ಒಲೆ ಹತ್ತಕೂಡದು ಎಂಬುದು ಅವಳ ಕಾನೂನು. ಅವಳಿಗಿದ್ದ ಗಟ್ಟಿ ಕಾಲಲ್ಲಿ ಅವಳು ಹುಬ್ಬಳ್ಳಿಗೂ ನಡೆದುಹೋಗಿ ಬರುತ್ತಿದ್ದಳೇನೋ, ಆದರೆ ಹುಬ್ಬಳ್ಳಿಯ ಮೇಲೆ ಅವಳಿಗೆ ಮೊದಲಿಂದಲೂ ಸಿಟ್ಟು. ಚಿಕ್ಕಪ್ಪ ಕೈಗಾದಲ್ಲಿ ಕೆಲಸಕ್ಕಿದ್ದ, ಶಿರವಾಡದಲ್ಲಿ ಮನೆ ಮಾಡಿದ್ದ. ಒಂದು ಭಾನುವಾರ ಅವನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹೂಕೋಸು ತಂದ. ಅಜ್ಜಿ ಅದನ್ನು ಸೀದಾ ಎಮ್ಮೆಯ ಮುಂದೆ ಸುರಿದಳು. ಎಮ್ಮೆ ಮೂಸಿ, ಬಹಳ ಹೊತ್ತು ಯೋಚಿಸಿ, ಚಿಕ್ಕಪ್ಪನ ಅಂಗಿಯ ಮೇಲೆ ಸೀನಿತು.

“ಎಮ್ಮೆಗಿದ್ದಷ್ಟು ಬುದ್ಧಿ ನಿಂಗಿಲ್ಲ ನೋಡು” ಎಂದಳು ಅಜ್ಜಿ.

“ಎಮ್ಮೆ ನಿನ್ನ ಕೈಲಿ ಬೆಳದದ್ದಲ್ಲ, ಅದ್ಕೆ” ಎಂದ ಅವನು.

ತಾಯಿ ಮಗ ಪ್ರೀತಿ ತೋರಿಸುತ್ತಿದ್ದದ್ದೇ ಹೀಗೆ. ಬೈಗುಳವಿಲ್ಲದ ಭಾನುವಾರ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ನನ್ನ ಹಗೆ ಮಾತ್ರ ಅಪ್ಪಟ ಹಗೆ, ಮತ್ತು ಅದು ಮೊಗೆಕಾಯಿಯ ಮೇಲೆ. ಬೇಸಿಗೆಯಲ್ಲಿ ಗದ್ದೆಯಿಂದ ಬಂದ ದಪ್ಪ ಹಳದಿ ಸೌತೆಗಳನ್ನು ಅಜ್ಜಿ ಬಾಳೆನಾರಿನಲ್ಲಿ ಕಟ್ಟಿ ಜಂತಿಯಿಂದ ಇಳಿಬಿಡುತ್ತಿದ್ದಳು. ಮಳೆಗಾಲ ಮುಗಿಯುವವರೆಗೆ ಅವೇ ನಮ್ಮ ಅಂಗಡಿ. ಇವತ್ತು ಹುಳಿ, ನಾಳೆ ಪಲ್ಯ, ನಾಡಿದ್ದು ದೋಸೆ, ಸಿಪ್ಪೆ ಚಟ್ನಿಗೆ, ಬೀಜ ಗೋಡೆಗೆ. ಎದ್ದು ನಿಂತರೆ ತಲೆಗೆ ಮೊಗೆಕಾಯಿ, ಕುಂತರೆ ತಟ್ಟೆಯಲ್ಲಿ ಮೊಗೆಕಾಯಿ. ಆಷಾಢ ಕಳೆಯುವಷ್ಟರಲ್ಲಿ ನನ್ನ ಕಣ್ಣು ಹಳದಿಯಾಗಿ, ಕಾಮಾಲೆಯೇ ಇರಬೇಕೆಂದು ನೆರೆಮನೆಯವರು ಔಷಧಿ ಕಳಿಸಿದ್ದರು ಎಂದು ನಾನು ಶಾಲೆಯಲ್ಲಿ ಹೇಳಿದ್ದೆ. ಯಾರೂ ಕಳಿಸಿರಲಿಲ್ಲ. ಕಳಿಸಬೇಕಿತ್ತು.

ನನಗೆ ಹನ್ನೊಂದು ವರ್ಷವಾಗಿದ್ದಾಗ, ಚೌತಿಗೆ ಮೊದಲು, ಅಜ್ಜಿ ಮೊಮ್ಮಗಳೊಬ್ಬಳ ಬಾಣಂತನಕ್ಕೆಂದು ನಾಲ್ಕು ದಿನ ಗೋಕರ್ಣಕ್ಕೆ ಹೋದಳು. ಜಂತಿಯ ಕೊನೆಯ ಕಾಯಿಯನ್ನು ಹೊರಡುವ ಮುನ್ನಾದಿನವಷ್ಟೇ ಕೊಯ್ದು, ಬೀಜವನ್ನು ಗೋಡೆಗೆ ತಟ್ಟಿದ್ದಳು. ಅವಳು ಹೊರಟ ಮರುದಿನವೇ ಚಿಕ್ಕಪ್ಪ ಬಿಳಿ ಬಣ್ಣದ ಡಬ್ಬಿಗಳನ್ನು ಹೊತ್ತು ಬಂದ. ತನ್ನ ಅವ್ವ ಗೋಕರ್ಣದಿಂದ ಬರುವಷ್ಟರಲ್ಲಿ ಅಡುಗೆಕೋಣೆ ಬೆಳಕಾಗಬೇಕು, ಅದು ಅವನ ಆಸೆ. ಬಿಲ್ಲೆಗಳನ್ನು ಒಡೆಯದಂತೆ ಬಿಡಿಸಿ ತಗಡಿನ ಡಬ್ಬಿಯಲ್ಲಿಡು ಎಂದು ನನಗೆ ಎರಡು ಸಲ ಹೇಳಿ ಅವನು ಏಣಿ ತರಲು ಹೋದ. ನಾನು ಸಟ್ಟುಗದಿಂದ ಒಂದೊಂದನ್ನೇ ಕೆರೆದೆ. ಕೆರೆದದ್ದನ್ನೆಲ್ಲ ಬಚ್ಚಲ ಒಲೆಗೆ ಹಾಕಿದೆ. ಬೀಜಗಳು ಚಟಪಟ ಸಿಡಿದವು. ಮುಂದಿನ ಮಳೆಗಾಲ ಪೂರ್ತಿ ಸುಟ್ಟುಹೋದ ಖುಷಿಯಲ್ಲಿ ನಾನು ಬಿಸಿ ನೀರು ಹೊಯ್ದುಕೊಂಡು ಮಿಂದೆ.

ಅಜ್ಜಿ ಬಂದಳು. ಬಿಳಿ ಗೋಡೆಯಲ್ಲಿ ಬಿಲ್ಲೆಗಳಿದ್ದ ಜಾಗದ ಮೇಲೆ ಕೈಯಾಡಿಸಿದಳು. “ಬೀಜ ಎಲ್ಲದೆ?” ಎಂದಳು. ಆ ಬೀಜ ಅವಳ ತಾಯಿ ಮದುವೆಯಲ್ಲಿ ಅವಳ ಸೆರಗಿಗೆ ಕಟ್ಟಿ ಕಳಿಸಿದ್ದು. ಊರಲ್ಲಿ ಬೇರೆ ಯಾರ ಹತ್ತಿರವೂ ಉಳಿದಿರಲಿಲ್ಲ. ಅದು ನನಗೂ ಗೊತ್ತಿತ್ತು. ಚಿಕ್ಕಪ್ಪ ನನ್ನ ಕಡೆ ನೋಡಿದ. ನಾನು ಒಂದು ಉಸಿರಿನಲ್ಲಿ, ಚಿಕ್ಕಪ್ಪನೇ ಒಲೆಗೆ ಹಾಕಿದ, ನಾನು ಬೇಡ ಬೇಡ ಅಂದರೂ ಕೇಳಲಿಲ್ಲ ಎಂದುಬಿಟ್ಟೆ. ಸುಳ್ಳಿಗೆ ಒಂದು ಬಿಕ್ಕನ್ನೂ ಸೇರಿಸಿದೆ.

ಅಜ್ಜಿಯ ಕೈಯಲ್ಲಿ ಊದುಗೊಳವೆ ಇತ್ತು. ಚಿಕ್ಕಪ್ಪ ಅದನ್ನೂ ನನ್ನನ್ನೂ ನೋಡಿದ. “ಹೌದು, ನಾನೇ ಹಾಕ್ದೆ” ಎಂದ.

“ಇನ್ನು ಈ ಹೊಸ್ತಿಲು ಹತ್ತಬೇಡ ನೀನು.”

ಅವನು ಕೈಗೆ ಹತ್ತಿದ ಬಣ್ಣವನ್ನೂ ತೊಳೆಯದೆ ಹೋದ.

ಅಜ್ಜಿ ಅದೇ ಬೀಜ ಹುಡುಕಿಕೊಂಡು ನಡೆಯಲಾಗುವ ಊರನ್ನೆಲ್ಲ ನಡೆದಳು. ಎಲ್ಲರ ಮನೆಯಲ್ಲೂ ಪೇಟೆಯ ಪಾಕೀಟು. ಕೊನೆಗೆ ಅದನ್ನೇ ಬಿತ್ತಿದಳು. ಕಾಯಿಗಳು ಚಂದವಾಗೇ ಬಂದವು, ಆದರೆ ಜಂತಿಗೆ ಕಟ್ಟಿ ಹದಿನೈದು ದಿನವಾಗುವುದರೊಳಗೆ ಕೊಳೆತು ನೀರಾಗಿ ನಮ್ಮ ತಲೆಯ ಮೇಲೆ ಸುರಿದವು. ಆ ಮಳೆಗಾಲದಿಂದ ನಮ್ಮ ಮನೆಗೂ ಹೂಕೋಸು ಬಂತು. ಅಜ್ಜಿ ಅದನ್ನು ಬೇಯಿಸಿ ನಮಗೆ ಬಡಿಸಿ, ತಾನು ಗಂಜಿಗೆ ಉಪ್ಪು ಹಾಕಿ ಉಂಡಳು. ನನಗೆ ಬೇಕಾದದ್ದೆಲ್ಲ ತಟ್ಟೆಯಲ್ಲಿತ್ತು. ಅರ್ಧ ಉಂಡು ಉಳಿದದ್ದನ್ನು ಎಮ್ಮೆಯ ಮುಂದೆ ಸುರಿಯುತ್ತಿದ್ದೆ.

ಚಿಕ್ಕಪ್ಪ ಭಾನುವಾರ ಬಂದರೆ ಅಂಗಳದಲ್ಲೇ ನಿಂತು ಅಪ್ಪನ ಹತ್ತಿರ ಮಾತಾಡಿ ಹೋಗುತ್ತಿದ್ದ. ಯಾಕೆ ಹಾಗೆ ಮಾಡಿದೆ ಎಂದು ಒಮ್ಮೆಯೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳಿ ಹಗುರಾಗುತ್ತಿದ್ದೆ.

ಅಜ್ಜಿ ಹಾಸಿಗೆ ಹಿಡಿದದ್ದು ಹೋದ ವರ್ಷ. ಒಂದು ಮಧ್ಯಾಹ್ನ ನಾನು ಅವಳ ಕಾಲು ಒತ್ತುತ್ತಿದ್ದೆ. ಅಂಗಳದಲ್ಲಿ ಚಿಕ್ಕಪ್ಪನ ಕೆಮ್ಮು ಕೇಳಿಸಿತು. ಅವನನ್ನು ಒಳಗೆ ಕರೆಯಲಾ ಎಂದು ಕೇಳಿದೆ. ಅವಳು ಬಾಗಿಲ ಕಡೆಗಿದ್ದ ಮುಖವನ್ನು ಗೋಡೆಗೆ ತಿರುಗಿಸಿದಳು.

“ಬ್ಯಾಡ. ಬೇರೆ ಯಾರಾದ್ರೂ ‘ನಾನೇ ಹಾಕ್ದೆ’ ಅಂದಿದ್ರೆ, ಅವ ಮಾಡಿರೂದಿಲ್ಲ ಅಂತ ಮನಸ್ಸಿಗೆ ಸಮಾಧಾನ ಮಾಡ್ಕಳ್ತಿದ್ದೆ. ಅವಂಗೆ ಸುಳ್ಳು ಹೇಳುಕೆ ಬರೂದಿಲ್ಲ, ತಂಗಿ. ಸಣ್ಣಿರುವಾಗಿಂದ ಬರೂದಿಲ್ಲ.”

ಊರಿಗೆಲ್ಲ ಕತೆ ಹೇಳಿ ನಗಿಸುವ ಬಾಯಿ ನನ್ನದು. ಅವಳ ಇನ್ನೊಂದು ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದೆ. ಹೊರಗೆ ಚಿಕ್ಕಪ್ಪ ಹೊರಡುತ್ತೇನೆಂದು ಅಪ್ಪನಿಗೆ ಹೇಳುತ್ತಿದ್ದ. ಅವನ ಚಪ್ಪಲಿಯ ಸದ್ದು ದೂರವಾಗುವವರೆಗೆ ಅಜ್ಜಿ ಕಿವಿಗೊಟ್ಟು ಮಲಗಿದ್ದಳು.