ಭಾಗವತರನ್ನು ಬೈಯುವ ಭಾನುವಾರಗಳು

ಭಾನುವಾರ ಬೆಳಿಗ್ಗೆ ಬರಗೂರಿನಿಂದ ಶಿರಾಕ್ಕೆ ಹೊರಡುವ ಬಸ್ಸಿನಲ್ಲಿ ಚಿಕ್ಕನರಸಯ್ಯ ಮೇಷ್ಟ್ರು ಕಿಟಕಿ ಪಕ್ಕ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೈಗುಳ ಯೋಚಿಸುತ್ತಿರುತ್ತಾರೆ.

ಯಾರನ್ನು ಬೈಯುವುದಕ್ಕೆ ಅಂದರೆ, ಸೀತಾಪತಿ ಭಾಗವತರನ್ನು. ಭಾಗವತರು ಸತ್ತು ಎಷ್ಟೋ ಕಾಲವಾಯಿತು. ಮೇಷ್ಟ್ರು ಅವರನ್ನು ಕಣ್ಣಲ್ಲಿ ಕಂಡವರಲ್ಲ, ಅವರಿಂದ ಮೇಷ್ಟ್ರಿಗೆ ಕೂದಲೆಳೆಯಷ್ಟು ಅನ್ಯಾಯವೂ ಆಗಿಲ್ಲ. ಇಷ್ಟಕ್ಕೂ ಬಸ್ಸಿನಲ್ಲಿ ಅವರ ಕಿವಿಯೊಳಗೆ ಹಾಡುತ್ತಿರುವವರು ಅದೇ ಭಾಗವತರು. ಈ ಲೋಕದಲ್ಲಿ ಮೇಷ್ಟ್ರಿಗೆ ಅಷ್ಟು ಇಷ್ಟವಾದ ಗಾಯಕರು ಇನ್ನೊಬ್ಬರಿಲ್ಲ. ಹಾಗಿದ್ದೂ ವಾರ ವಾರ ಟಿಕೆಟ್ ತೆಗೆದು, ಶಿರಾಕ್ಕೆ ಹೋಗಿ, ಆ ಮಹಾನುಭಾವರನ್ನು ಬಾಯಿಗೆ ಬಂದಂತೆ ಬೈದು ಬರಬೇಕು. ಯಾವ ಜನ್ಮದ ಕರ್ಮವೂ ಅಲ್ಲ, ಈ ಜನ್ಮದಲ್ಲೇ, ತಮ್ಮ ಬಾಯಿಂದಲೇ ಮಾಡಿಕೊಂಡದ್ದು.

ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಡ್ರಾಯಿಂಗ್ ಮೇಷ್ಟ್ರಿಗೆ ಶಾಲೆಯಲ್ಲಿ ಎಷ್ಟು ಬೆಲೆ ಎಂಬುದು ಯಾರಿಗೆ ಗೊತ್ತಿಲ್ಲ? ಗಣಿತದವರ ಪಾಠ ಮುಗಿಯದಿದ್ದರೆ ಡ್ರಾಯಿಂಗ್ ಪೀರಿಯಡ್ಡು ಅವರ ಪಾಲು, ವಾರ್ಷಿಕೋತ್ಸವದ ಬ್ಯಾನರು ಮಾತ್ರ ಇವರ ಪಾಲು. ಊರಾಚೆ ಕೇರಿಯಿಂದ ಬಂದವರು ಎಂಬ ಮಾತನ್ನು ಸ್ಟಾಫ್ ರೂಮಿನಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಹೆಡ್‌ಮಾಸ್ಟರು ಏನು ಹೇಳಿದರೂ "ಆಗ್ಲಿ ಸಾರ್" ಎನ್ನುತ್ತಲೇ ಮೇಷ್ಟ್ರು ನೌಕರಿ ಮುಗಿಸಿದರು.

ಸಂಗೀತದ ಹುಚ್ಚು ಹತ್ತಿದ್ದು ಓದುವಾಗ, ಹಾಸ್ಟೆಲಿನಲ್ಲಿ. ವಾರ್ಡನ್ ಕೋಣೆಯ ರೇಡಿಯೊ ಗೋಡೆ ದಾಟಿ ಬರುತ್ತಿತ್ತು. ಅದರಲ್ಲಿ ಅಲಮೇಲಮ್ಮ ಎಂಬ ಹಳೆಯ ಕಾಲದ ಗಾಯಕಿಯ ಶಹನ ರಾಗ ಕೇಳಿ ಹುಡುಗ ಚಿಕ್ಕನರಸಯ್ಯ ಊಟದ ತಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತುಬಿಟ್ಟಿದ್ದರಂತೆ. ಅವಸರವಿಲ್ಲದ, ಹದವಾಗಿ ಕಾದ ಹಾಲಿನಂಥ ಕಂಠ. ಕೆಲಸ ಸಿಕ್ಕ ಮೇಲೆ ಮೊದಲು ಕೊಂಡದ್ದು ಟೇಪ್‌ರೆಕಾರ್ಡರು. ಮದುವೆ ಆಮೇಲೆ.

ಆ ಅಲಮೇಲಮ್ಮನ ಕ್ಯಾಸೆಟ್ಟು ಹುಡುಕಿಕೊಂಡು ಒಂದು ಸಲ ಶಿರಾದಲ್ಲಿ ಜಾಮಿಯಾ ಮಸೀದಿ ಕಡೆಯ ರೇಡಿಯೊ ರಿಪೇರಿ ಅಂಗಡಿಗೆ ಹೋದರು. ಅಲ್ಲಿ ಬಿಳಿ ಪಂಚೆ, ಹಣೆಗೆ ವಿಭೂತಿಯ ದಪ್ಪ ಆಸಾಮಿಯೊಬ್ಬರು ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಕಡಲೆಕಾಯಿ ಮಂಡಿಯ ಸಾಹುಕಾರರು, ಮಹಾಲಿಂಗಯ್ಯನವರು. ಟೇಪಿನಲ್ಲಿ ತೋಡಿ ರಾಗ ಓಡುತ್ತಿತ್ತು.

"ಹೆಂಗೈತೆ ಹೇಳಿ," ಎಂದು ಗುರುತಿಲ್ಲದ ಈ ಗಿರಾಕಿಯನ್ನೇ ಕೇಳಿದರು.

"ತೋಡಿ ಚೆನ್ನಾಗೈತೆ," ಎಂದರು ಮೇಷ್ಟ್ರು. "ಪಾಪ, ಹಾಡೋರಿಗೆ ನೆಗಡಿ ಆಗಿರಂಗೈತೆ."

ಮಹಾಲಿಂಗಯ್ಯನವರ ಕಣ್ಣು ತೆರೆಯಿತು. ಸೀತಾಪತಿ ಭಾಗವತರು ಅವರ ಪಾಲಿನ ದೇವರು. ಭಾಗವತರದು ಮೂಗಿನಿಂದ ಬರುವ ಒಡಕು ದನಿ ನಿಜ. ಆದರೆ ಆ ದನಿಯಲ್ಲೇ ಅವರು ಎಲ್ಲೆಲ್ಲಿಗೆ ಹೋಗಿ ಬರುತ್ತಾರೆಂದು ಗೊತ್ತಿದ್ದವರಿಗೆ ಗೊತ್ತು. "ಬನ್ರಿ ನನ್ ಜೊತೆ, ನೆಗಡಿ ಯಾರಿಗೆ ಆಗೈತೆ ತೋರಿಸ್ತೀನಿ," ಎಂದು ಮೇಷ್ಟ್ರ ರಟ್ಟೆ ಹಿಡಿದು, ಸೀದಾ ಮಂಡಿಯ ಮಹಡಿ ಮೇಲಿನ ಕೋಣೆಗೆ ಕರೆದುಕೊಂಡು ಹೋದರು. ಗೋಡೆ ತುಂಬ ಕ್ಯಾಸೆಟ್ಟು. ಅವತ್ತು ಕೂತ ಮೇಷ್ಟ್ರು ಕೊನೆಯ ಬಸ್ಸಿಗೆ ಎದ್ದರು. ಮುಂದಿನ ಭಾನುವಾರ ತಾವಾಗಿಯೇ ಹೋದರು, ಅಲಮೇಲಮ್ಮನ ಕ್ಯಾಸೆಟ್ಟು ಚೀಲದಲ್ಲಿಟ್ಟುಕೊಂಡು.

ಆ ಕೋಣೆಯಲ್ಲಿ ಒಂದು ಕಟ್ಟುಪಾಡಿತ್ತು. ಹಾಡು ನಡೆಯುವಾಗ ಯಾರೂ ಉಸಿರೆತ್ತುವಂತಿಲ್ಲ. ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನ ಶುರುವಾದ ಕೂಡಲೇ ಜಗಳ ಶುರು. ಆ ಮೃದಂಗದವರನ್ನು ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಿದ್ದುಂಟೋ ಇಲ್ಲವೋ, ಭಗವಂತನಿಗೇ ಗೊತ್ತು. "ನಿಮ್ಮ ಅಲಮೇಲಮ್ಮ ಹಾಡೋದಲ್ಲ, ತೊಟ್ಟಿಲು ತೂಗೋದು," ಎಂದು ಸಾಹುಕಾರರು. "ಮೂಗಿಗೆ ಎರಡು ತೊಟ್ಟು ಹರಳೆಣ್ಣೆ ಬುಟ್ಕೊಂಡು ಹಾಡಕ್ಕೆ ಕೂತ್ಕೋಬಾರ್ದಾ ನಿಮ್ಮ ಭಾಗವತ್ರು?" ಎಂದು ಮೇಷ್ಟ್ರು. 'ನೀವು' ಎಂದು ಶುರುವಾದದ್ದು ತನಿ ಮುಗಿಯುವುದರೊಳಗೆ 'ನೀನು' ಆಗಿ, 'ಲೇ' ಆಗಿ, ಕೆಳಗಿನ ಹಮಾಲರು ಮೂಟೆ ಇಳಿಸಿ ಮೇಲೆ ನೋಡುವಂತಾಗುತ್ತಿತ್ತು. ಮೊದಮೊದಲು ಬರುತ್ತಿದ್ದ ನಾಲ್ಕೈದು ಜನ ಈ ಗಲಾಟೆಗೆ ಬೇಸತ್ತು ದೂರವಾದರು. ಕೋರ್ಟಿನ ಗುಮಾಸ್ತ ಪ್ರಭುದೇವ್ "ಇಬ್ರೂ ಚೆನ್ನಾಗೇ ಹಾಡ್ತಾರಲ್ಲ" ಎಂದು ರಾಜಿಗೆ ಹೋಗಿ, ಇಬ್ಬರಿಂದಲೂ ಉಗಿಸಿಕೊಂಡು ಬರುವುದು ಬಿಟ್ಟರು.

ಹೊರಗಿನವರಿಗೆ ಅದು ಜಗಳ. ಮೇಷ್ಟ್ರಿಗೆ ಅದು ಬೇರೆಯೇ. ಇಡೀ ಶಿರಾ ತಾಲ್ಲೂಕಿನಲ್ಲಿ ಒಬ್ಬ ಮಂಡಿ ಸಾಹುಕಾರನನ್ನು 'ಲೇ ಮಾಲಿಂಗ' ಎಂದು ಕೂಗಿ, ಅವನಿಂದ 'ಲೇ ಚಿಕ್ಕ' ಎನ್ನಿಸಿಕೊಂಡು, ಅವನದೇ ಮನೆಯ ನಡುಮನೆಯಲ್ಲಿ ಅವನ ಪಕ್ಕ ಕೂತು ಮುದ್ದೆ ಉಂಡು ಬರುವ ಜಾಗ ಅವರಿಗೆ ಇದ್ದದ್ದು ಅದೊಂದೇ. "ಆಗಲ್ಲ, ಒಪ್ಪಲ್ಲ" ಎಂಬ ಮಾತು ಅವರ ಬಾಯಿಂದ ಹೊರಟದ್ದೂ ಅಲ್ಲೊಂದೇ ಕಡೆ.

ಹೀಗಿರುವಾಗ ಮಗಳು ಅನುಷಾ ಹೊಸ ಫೋನು ಕೊಡಿಸಿ, ಇಯರ್‌ಫೋನ್ ಕಿವಿಗೆ ಸಿಕ್ಕಿಸಿ, ಹಾಡು ಹಾಕುವುದನ್ನು ಕಲಿಸಿದಳು. ಒಂದು ದಿನ ಬಸ್ಸಿನಲ್ಲಿ ಅಲಮೇಲಮ್ಮನ ಶಹನ ಮುಗಿಯಿತು. ಆ ಫೋನಿಗೇನು ಗೊತ್ತು ಶಿರಾದ ಪಂಗಡಗಳ ವಿಚಾರ? ತನ್ನಷ್ಟಕ್ಕೆ ತಾನೇ ಸೀತಾಪತಿ ಭಾಗವತರ ಮುಖಾರಿ ಹಾಕಿತು. ತೆಗೆಯೋಣವೆಂದು ಮೇಷ್ಟ್ರು ಕನ್ನಡಕ ಹುಡುಕುತ್ತಿದ್ದರು. ಅಷ್ಟರಲ್ಲಿ ಭಾಗವತರು ಒಂದು ಎಳೆ ಎಳೆದರು. ಮಂಡಿಯ ಸವೆದ ಟೇಪಿನಲ್ಲಿ ಕೇಳದಿದ್ದದ್ದೆಲ್ಲ ಈಗ ಕಿವಿಯೊಳಗೇ ಕೂತು ಹೇಳಿದಂತೆ ಕೇಳಿತು. ದನಿ ಒಡೆದ ಜಾಗದಲ್ಲೇ ರಾಗದ ದುಃಖ ಒಳಗೆ ಇಳಿಯುತ್ತಿತ್ತು. ಮೇಷ್ಟ್ರ ಕೈ ತಾನಾಗಿ ತೊಡೆ ತಟ್ಟಿತು. "ಏನ್ ಮೇಷ್ಟ್ರೇ, ಸೊಳ್ಳೆನಾ?" ಎಂದ ಪಕ್ಕದವನು. "ಹ್ಞೂಂ ಕಣಪ್ಪ," ಎಂದರು.

ಸುಳ್ಳು ಶುರುವಾದದ್ದು ಅಲ್ಲಿಂದ. ಆ ಭಾನುವಾರವೇ ಹೇಳಿಬಿಡಬೇಕೆಂದು ಹೋದರು. ಬಾಯಿ ತೆರೆದರೆ ಹಳೆಯ ಬೈಗುಳವೇ ಬಂತು. ಸೋಲೊಪ್ಪಿಕೊಂಡರೆ ಮುಂದೆ ಆ ಕೋಣೆಯಲ್ಲಿ ತನಗೇನು ಕೆಲಸ? ಸಾಹುಕಾರರು ಹೇಳಿದ್ದಕ್ಕೆ ತಲೆಯಾಡಿಸುವ ಇನ್ನೊಬ್ಬ ಆಗಿಬಿಡುತ್ತೇನಲ್ಲ ಎಂದು ಭಯವಾಯಿತು. ಮುಂದಿನ ವಾರ ಹೇಳೋಣ ಎಂದುಕೊಂಡರು. ಆ ಮುಂದಿನ ವಾರ ಎಷ್ಟೋ ಸಲ ಬಂದು ಹೋಯಿತು. ಮನೆಯಲ್ಲಿ ಗುಟ್ಟಾಗಿ ಭಾಗವತರನ್ನು ಕೇಳುವುದು, ಶಿರಾಕ್ಕೆ ಹೋಗಿ ಬೈಯುವುದು. ಹೆಂಡತಿ ಇಂದ್ರಮ್ಮ ಒಂದು ದಿನ ರೇಗಿಯೇಬಿಟ್ಟರು. "ಕದ್ದು ಬೀಡಿ ಸೇದೋ ಹೈದ್ನಂಗೆ ಇದೇನು ನಿಮ್ದು? ಚೆನ್ನಾಗೈತೆ ಅಂತ ಹೇಳ್ಬುಡಿ ಅತ್ಲಾಗೆ. ಗಂಟೇನಾದ್ರೂ ಹೋಗ್ತದಾ?"

ಗಂಟೇ ಹೋಗುತ್ತಿತ್ತು. ಮೇಷ್ಟ್ರು ಇಯರ್‌ಫೋನನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು.

ಅಷ್ಟರಲ್ಲಿ ಮಹಾಲಿಂಗಯ್ಯನವರಿಗೆ ಲಕ್ವಾ ಹೊಡೆಯಿತು. ತುಮಕೂರಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಎದುರಿನವರ ಮಾತು ತಿಳಿಯುತ್ತಿತ್ತು, ತಮ್ಮ ಮಾತು ಹೊರಡುತ್ತಿರಲಿಲ್ಲ. ಅವರು "ಬ... ಬ..." ಎಂದರೆ, ನೋಡಲು ಬಂದವರು "ಹೌದೌದು, ನೀವು ಹೇಳೋದೇ ಸರಿ" ಎಂದು ಮಗುವಿಗೆ ಹೇಳುವ ಹಾಗೆ ಹೇಳಿ, ಮೂಸಂಬಿ ಇಟ್ಟು ಹೋಗುತ್ತಿದ್ದರು. ಮಂಡಿಯಲ್ಲಿ ಒಂದು ಕೂಗಿಗೆ ಲಾರಿ ನಿಲ್ಲಿಸುತ್ತಿದ್ದ ಮನುಷ್ಯ ಮುಖ ತಿರುಗಿಸಿ ಸೂರು ನೋಡುತ್ತಾ ಮಲಗಿರುತ್ತಿದ್ದರು. ಮಾತು ಕಲಿಸಲು ಬರುತ್ತಿದ್ದ ಭವ್ಯ ಎಂಬ ಹುಡುಗಿ, "ಅವರಿಗೇ ಮನಸ್ಸು ಬರ್ಬೇಕು. ಪ್ರಯತ್ನಾನೇ ಪಡ್ತಿಲ್ಲ, ಹಿಂಗೇ ಬಿಟ್ರೆ ಮಾತು ಬರೋದು ಕಷ್ಟ," ಎಂದು ಹೇಳಿ ಹೋಗಿದ್ದಳು.

ಮೇಷ್ಟ್ರು ಹೋದ ದಿನ ಸಾಹುಕಾರರ ಹೆಂಡತಿ ಸರ್ವಮಂಗಳಮ್ಮ ಮಹಡಿಯ ಟೇಪ್‌ರೆಕಾರ್ಡರನ್ನು ಹಾಸಿಗೆ ಪಕ್ಕಕ್ಕೆ ತಂದಿಟ್ಟಿದ್ದರು. ಭಾಗವತರು ಹಾಡುತ್ತಿದ್ದರು. ಮಹಾಲಿಂಗಯ್ಯನವರ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಮೇಷ್ಟ್ರು ಪಕ್ಕದಲ್ಲಿ ಕೂತರು. ತನಿ ಶುರುವಾಯಿತು. ನಾಲಿಗೆಗೆ ಅಭ್ಯಾಸವಾದದ್ದು ತಾನಾಗಿ ಬಂತು. "ಸತ್ರೂ ನೆಗಡಿ ಹೋಗ್ಲಿಲ್ವಲ್ರೀ ನಿಮ್ ಭಾಗವತ್ರಿಗೆ!"

ಮಹಾಲಿಂಗಯ್ಯನವರ ಕಣ್ಣು ಸೂರಿನಿಂದ ಇಳಿಯಿತು. ಕೆಂಪಾಯಿತು. ಎಡಗೈ ಎದ್ದು ಗಾಳಿಯಲ್ಲಿ ಗುದ್ದಿತು. ಗಂಟಲಿನಿಂದ "ಹೋ... ಹೋ..." ಎಂದು ಹೊರಟಿತು. ಹೋಗೋ ಎನ್ನುವುದಕ್ಕೆ ಅದು ಅರ್ಧ. ಸರ್ವಮಂಗಳಮ್ಮ ಅಡುಗೆಮನೆಯಿಂದ ಓಡಿ ಬಂದವರೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಬೈರಿ ಮೇಷ್ಟ್ರೇ! ನಿಮ್ ದಮ್ಮಯ್ಯ, ವಾರ ವಾರ ಬಂದು ಬೈದೋಗಿ!"

ಹೀಗೆ ಮೇಷ್ಟ್ರು ಸಿಕ್ಕಿಕೊಂಡರು. ಹಿಂದೆ ಬೈಯುತ್ತಿದ್ದದ್ದು ಜಗಳಕ್ಕೆ, ಈಗ ಔಷಧಿಗೆ. ಹಳೆಯ ಬೈಗುಳ ನಾಲ್ಕು ವಾರದಲ್ಲಿ ಮುಗಿದು, ಹೊಸದನ್ನು ಬಸ್ಸಿನಲ್ಲಿ ಹೊಸೆಯಬೇಕಾಯಿತು. ಒಂದೊಂದು ಬೈಗುಳಕ್ಕೆ ಸಾಹುಕಾರರ ಬಾಯಿಂದ ಒಂದೊಂದು ಅಕ್ಷರ ಬಿಡುಗಡೆಯಾಗುತ್ತಿತ್ತು. ಮೇಷ್ಟ್ರಿಗೆ ಮಾತ್ರ ಮನೆಗೆ ಬಂದರೆ ಅನ್ನ ಸೇರುತ್ತಿರಲಿಲ್ಲ. ದೇವಸ್ಥಾನದ ಮುಂದೆ ಉಗಿದು ಬಂದಂತಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯ ಸತ್ತುಹೋದರೆ ಎಂಬ ಯೋಚನೆ ಬಿಡುತ್ತಿರಲಿಲ್ಲ. ಜಗಳದಲ್ಲಿ ಗೆದ್ದವರು ತಾವೇ ಎಂದು ಅವರಿಗೆ ತಿಳಿಯದೆಯೇ ಹೋಗಿಬಿಟ್ಟರೆ? ಇಷ್ಟು ವರ್ಷದ ಗೆಳೆಯನನ್ನು ಸುಳ್ಳು ಹೇಳಿ ಕಳಿಸಿಕೊಡಬೇಕೇ?

ಶ್ರಾವಣದ ಒಂದು ಭಾನುವಾರ ಹೋದಾಗ ಮಹಾಲಿಂಗಯ್ಯನವರು ಜ್ವರದಿಂದ ಬಾಡಿದ್ದರು. ಸರ್ವಮಂಗಳಮ್ಮ ಭಾಗವತರ ಮುಖಾರಿ ಹಾಕಿದ್ದರು. ಇವತ್ತು ಬೈಯಲಾರೆ ಎನ್ನಿಸಿತು ಮೇಷ್ಟ್ರಿಗೆ. ತನಿ ಬರುವವರೆಗೂ ಕಾಯದೆ, ಹಾಡಿನ ನಡುವೆಯೇ ಹಾಸಿಗೆಯ ಅಂಚಿಗೆ ಕೂತು, ಬಿದ್ದುಹೋದ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಲಿಂಗಯ್ನೋರೆ, ನಿಮ್ ಭಾಗವತ್ರು ದೊಡ್ಡೋರು. ನಮ್ಮ ಅಲಮೇಲಮ್ಮನಿಗಿಂತ್ಲೂ ದೊಡ್ಡೋರು. ಬೋ ದಿನದಿಂದ ನಂಗೆ ಗೊತ್ತು, ಹೇಳಕ್ಕೆ ಬಾಯಿ ಬರ್ಲಿಲ್ಲ. ದಿನಾ ಕೇಳ್ತೀನಿ. ನೀವು ಹೇಳೋದೇ ಸರಿ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮಹಾಲಿಂಗಯ್ಯನವರ ತುಟಿ ಸೊಟ್ಟಗಾಯಿತು, ಕುತ್ತಿಗೆಯ ನರ ಉಬ್ಬಿತು.

"ಸು... ಸುಳ್ಳು."

ಕಾಯಿಲೆ ಬಿದ್ದ ಮೇಲೆ ಅವರು ಆಡಿದ ಮೊದಲ ಪೂರ್ತಿ ಮಾತು ಅದು. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಸರ್ವಮಂಗಳಮ್ಮ ಬಂದು ಬಾಗಿಲಲ್ಲಿ ಬಾಯಿಗೆ ಕೈ ಇಟ್ಟುಕೊಂಡು ನಿಂತರು.

"ನಿಜ ಕಣ್ರೀ. ಮಕ್ಕಳಾಣೆ, ನಿಜ," ಎಂದರು ಮೇಷ್ಟ್ರು.

ಮಹಾಲಿಂಗಯ್ಯನವರು ಎಡಗೈಯಿಂದ ಮೇಷ್ಟ್ರ ಕೈಯನ್ನು ಬಿಡಿಸಿ ತಳ್ಳಿದರು. ಮುಖವನ್ನು ಗೋಡೆ ಕಡೆಗೆ ತಿರುಗಿಸಿಕೊಂಡರು. ಅವರ ಹೆಗಲು ಅಲುಗುತ್ತಿತ್ತು. ಆಗ ಮೇಷ್ಟ್ರಿಗೆ ಅರ್ಥವಾಯಿತು. ಮೂಸಂಬಿ ಇಟ್ಟು ಹೋದವರೆಲ್ಲ ಹೇಳಿದ ಮಾತನ್ನೇ ತಾವೂ ಹೇಳಿದ್ದರು. ಚಿಕ್ಕನರಸಯ್ಯನೂ ಒಪ್ಪಿಕೊಂಡ ಅಂದರೆ ತನ್ನ ಕಥೆ ಮುಗಿಯಿತು, ಇನ್ನು ತಾನು ಎಲ್ಲರೂ ಅಯ್ಯೋ ಅನ್ನುವ ಹೆಣ ಎಂದು ಆ ಮನುಷ್ಯ ತಿಳಿದುಕೊಂಡಿದ್ದರು. ನಿಜವನ್ನು ನಂಬಿಸುವ ದಾರಿಯೇ ಉಳಿದಿರಲಿಲ್ಲ. ಆಣೆ ಇಟ್ಟಷ್ಟೂ ಅದು ಕನಿಕರವೇ ಆಗುತ್ತಿತ್ತು.

ಟೇಪು ಓಡುತ್ತಲೇ ಇತ್ತು. ಭಾಗವತರು ಕೆಳಗಿನ ಸ್ಥಾಯಿಗೆ ಇಳಿದು, ಅಲ್ಲಿಂದ ಮೆಲ್ಲಗೆ ಮೇಲಕ್ಕೆ ಹತ್ತುತ್ತಿದ್ದರು. ಮೇಷ್ಟ್ರು ಎದ್ದು ನಿಂತರು. ಹೆಗಲ ಮೇಲಿನ ಟವೆಲನ್ನು ಕೊಡವಿದರು.

"ಲೇ ಮಾಲಿಂಗ, ಈ ಕಡೆ ತಿರುಗ್ಲಾ! ಕಾಯಿಲೆಯವ್ನು ಅಂತ ಒಂದ್ ಒಳ್ಳೆ ಮಾತಾಡಿದ್ರೆ ಮುಖ ತಿರುಗಿಸ್ತೀಯಾ? ಹೂಂ ಕಣ್ಲಾ, ಸುಳ್ಳೇ ಹೇಳಿದ್ದು! ಇದೇನು ಹಾಡಾ? ಗಾಣದೆತ್ತು ಸುತ್ತಿದಂಗೆ ಸುತ್ತೋದು, ಎಣ್ಣೆ ಮಾತ್ರ ಒಂದ್ ತೊಟ್ಟೂ ಬರಾಕಿಲ್ಲ!"

ಮಹಾಲಿಂಗಯ್ಯನವರು ಗೋಡೆಯಿಂದ ಈಚೆಗೆ ತಿರುಗಿದರು. ಮುಖದ ಒಂದು ಪಕ್ಕ ಹಾಗೇ ಇತ್ತು, ಇನ್ನೊಂದು ಪಕ್ಕ ಹೊಳೆಯುತ್ತಿತ್ತು. ಎಡಗೈಯಿಂದ ಹಾಸಿಗೆ ಗುದ್ದಿ "ಬಾ... ಬಾಯ್ ಮುಚ್!" ಎಂದು ಕೂಗಿದರು. ಬರಿ ಮಾತಲ್ಲ, ಮಂಡಿಯ ಕಾಲದ ಕೂಗು.

ಮೇಷ್ಟ್ರು ಇನ್ನೂ ಜೋರು ಮಾಡಿದರು. ಆದರೆ ಆ ಮುಖಾರಿ ಅವತ್ತು ಎಂದಿನಂತಿರಲಿಲ್ಲ. ಭಾಗವತರು ಮೇಲಿನ ಸ್ವರದಲ್ಲಿ ನಿಂತರು, ಅವರ ದನಿ ಒಡೆಯಿತು. ಬೈಗುಳದ ನಡುವೆಯೇ ಮೇಷ್ಟ್ರು ಬಾಯಿ ತೆರೆದುಕೊಂಡು ಹಾಡು ಕೇಳುತ್ತಾ ನಿಂತುಬಿಟ್ಟರು. ಸರ್ವಮಂಗಳಮ್ಮ ಒಂದು ಲೋಟ ನೀರು ತಂದು ಕೈಗೆ ಕೊಟ್ಟು, ಅವರು ಕುಡಿದು ಮುಗಿಸುವವರೆಗೂ ಕಾದರು.

"ಮುಂದಕ್ಕೆ ಬೈರಿ ಮೇಷ್ಟ್ರೇ," ಎಂದರು.