ನಾನು ಬೇಡವೆಂದ ಸ್ಕ್ಯಾನ್

ಕಳೆದ ತಿಂಗಳು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನ ಎದೆಗೆ ತಣ್ಣನೆಯ ಜೆಲ್ ಹಚ್ಚಿದಾಗ ನಮ್ಮೂರು ದಾಸನಕೊಪ್ಪದ ಟೇಲರ್ ನೆನಪಾದ. "ಲೋಳೆಸರ ಸವರಿದಂಗ ಆಕ್ಕೈತ್ರಿ ಸರ್, ಮ್ಯಾಲೆ ಕಚಗುಳಿ ಬ್ಯಾರೆ" ಎಂದಿದ್ದ. ಬೈಪಾಸ್ ಆದ ಮೇಲೆ ಮೊದಲ ಸಲ ಎಕೋ ಮಾಡಿಸಿಕೊಂಡು ಬಂದ ದಿನದ ಮಾತು ಅದು. ಈಗ ನನಗೂ ಬೈಪಾಸ್ ಆಗಿ ಐದು ತಿಂಗಳು. ಅವನು ಹೋಗಿ ಆರು ವರ್ಷ.

ನಾನು ದೈಹಿಕ ಶಿಕ್ಷಕನಾಗಿದ್ದವನು. ನಿವೃತ್ತಿಯಾದ ಮೇಲೂ ಬೆಳಿಗ್ಗೆ ಐದಕ್ಕೆ ಏಳುವುದು, ಐದೂವರೆಗೆ ರಸ್ತೆಗಿಳಿಯುವುದು ತಪ್ಪಲಿಲ್ಲ. ಟೇಲರ್ ನನಗಿಂತ ನಾಲ್ಕು ವರ್ಷ ಚಿಕ್ಕವನು. ನಮ್ಮ ಶಾಲೆಯ ಸಮವಸ್ತ್ರವೆಲ್ಲ ಅವನ ಕೈಯದೇ. ಮಕ್ಕಳು ಬೆಳೆಯುತ್ತಾರೆಂದು ಚಡ್ಡಿಯ ಅಂಚಿನಲ್ಲಿ ಎರಡು ಬೆರಳು ಬಟ್ಟೆ ಹೆಚ್ಚಿಗೆ ಮಡಚಿ ಹೊಲಿಯುತ್ತಿದ್ದ, ಯಾರೂ ಕೇಳದಿದ್ದರೂ. ಆಪರೇಷನ್‌ಗೆಂದು ಕಾಲಿನ ರಕ್ತನಾಳ ತೆಗೆದಿದ್ದರಿಂದ ಮಶೀನು ತುಳಿಯುವುದು ಅವನಿಗೆ ಕಷ್ಟವಾಗಿತ್ತು. ಆದರೂ ಅಂಗಡಿಯ ಬಾಗಿಲು ತೆಗೆದು ಕೂತಿರುತ್ತಿದ್ದ...

ಊರಿಗೆ ಇಂಗ್ಲಿಷಿನ ಕಾಗದ ಯಾವುದೇ ಬರಲಿ, ಬ್ಯಾಂಕಿನದೋ ಕೋರ್ಟಿನದೋ, ನನ್ನ ಮನೆಯ ಜಗಲಿಗೆ ಬರುತ್ತಿತ್ತು. ನಾನು ಓದಿ ಅರ್ಥ ಹೇಳುತ್ತಿದ್ದೆ. ಗೊತ್ತಿಲ್ಲ ಎಂದು ಒಬ್ಬರಿಗೂ ಹೇಳಿದ್ದಿಲ್ಲ. ಟೇಲರ್ ಕೂಡ ತನ್ನ ಫೈಲು ಹಿಡಿದು ಬಂದ. ಎಕೋ ಚೆನ್ನಾಗಿ ಬಂದಿತ್ತು. ಆದರೆ ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಎದೆ ಬಿಗಿಯುತ್ತದೆ ಎಂದು ಅವನು ಹೇಳಿದ್ದಕ್ಕೆ ಡಾಕ್ಟರು ಇನ್ನೊಂದು ಬಗೆಯ ಸ್ಕ್ಯಾನ್ ಬರೆದುಕೊಟ್ಟಿದ್ದರು. ಕೈಯ ರಕ್ತನಾಳಕ್ಕೆ ಸಣ್ಣ ಸಣ್ಣ ಗುಳ್ಳೆಗಳಿರುವ ದ್ರವ ಕೊಟ್ಟು, ಅವು ಹೃದಯದ ಮಾಂಸಖಂಡದಲ್ಲಿ ಎಲ್ಲೆಲ್ಲಿಗೆ ತಲುಪುತ್ತವೆ ಎಂದು ಎಕೋ ಯಂತ್ರದಲ್ಲೇ ನೋಡುವುದಂತೆ. ಮುಂದಿನ ಸೋಮವಾರ ಬರಲು ಹೇಳಿದ್ದರು. ಹೋಗಲೋ ಬೇಡವೋ ಎಂದು ಕೇಳಲು ಬಂದಿದ್ದ.

ನಾನು ಕನ್ನಡಕ ಹಾಕಿಕೊಂಡು ಹಾಳೆ ತಿರುವಿದೆ. ನಿಜ ಹೇಳಬೇಕೆಂದರೆ ಅದರಲ್ಲಿ ನನಗೆ ಅರ್ಥವಾಗಿದ್ದು ಒಂದೇ, ಹೃದಯ ಪಂಪು ಮಾಡುವ ಪ್ರಮಾಣ ಶೇಕಡಾ ಅರವತ್ತು ಎಂಬುದು.

"ಅರವತ್ತು ಬಂದಿದೆಯಲ್ಲೋ ಮಾರಾಯ. ಫಸ್ಟ್ ಕ್ಲಾಸು. ಪಾಸಾದವ ಮತ್ತೆ ಪರೀಕ್ಷೆಗೆ ಕೂರ್ತಾನಾ?" ಎಂದೆ.

ಅವನು ನಕ್ಕುಬಿಟ್ಟ. "ಸಾಲ್ಯಾಗ ಎಂದೂ ಮೂವತ್ತೈದು ದಾಟಲಿಲ್ರಿ ನಾನು. ಎದಿ ಆದ್ರೂ ಫಸ್ಟ್ ಕ್ಲಾಸ್ ತಂತಲ್ಲ!"

ನಾನು ಅಲ್ಲಿಗೇ ನಿಲ್ಲಲಿಲ್ಲ. ನಿನಗೆ ಬೇಕಾಗಿದ್ದು ಸ್ಕ್ಯಾನಲ್ಲ, ಶಿಸ್ತು ಎಂದೆ. ನಾಳೆಯಿಂದ ಐದೂವರೆಗೆ ನನ್ನ ಜೊತೆ ಬನವಾಸಿ ರಸ್ತೆಯಲ್ಲಿ ನಡೆಯಬೇಕೆಂದು ಹೇಳಿ ಕಳಿಸಿದೆ.

ಬಂದ. ದಿನವೂ ಬಂದ. ಏರು ಶುರುವಾಗುವಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ, ತುಸು ಮುಂದೆ ಹೋಗಿ ಮತ್ತೆ ಬಗ್ಗುತ್ತಿದ್ದ. ಊರಿಗೆಲ್ಲ ಬಟ್ಟೆ ಹೊಲಿಯುವವನಿಗೆ ಒಂದು ಚಪ್ಪಲಿ ಹೊಲಿದುಕೊಳ್ಳಲು ಬರುವುದಿಲ್ಲವೇ ಎಂದು ನಾನು ಕುಟುಕುತ್ತಿದ್ದೆ. ಅವನು ಬೆವರು ಒರೆಸಿಕೊಂಡು ಹಿಂದೆ ಬರುತ್ತಿದ್ದ. ಆ ಸೋಮವಾರವೂ ಹಾಗೆಯೇ ನಡೆದೆವು. ಅವನು ಹುಬ್ಬಳ್ಳಿಯ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಇಪ್ಪತ್ತು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಅವನು ಬರಲಿಲ್ಲ. ಹತ್ತು ನಿಮಿಷ ಕಾದು, ಬೈಯಲೆಂದೇ ಅವನ ಮನೆಯ ಕಡೆ ಹೊರಟೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಂಡಿದ್ದೆ... ಅಂಗಳದಲ್ಲಿ ಜನ ಸೇರಿದ್ದರು. ನನ್ನ ಹತ್ತಿರ ಬರಲೆಂದು ಹೊರಡುವಾಗ ಬಾಗಿಲಲ್ಲೇ ಎದೆ ಹಿಡಿದುಕೊಂಡು ಕುಸಿದನಂತೆ. ಶಿರಸಿಯ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ವಿಧಿ ಎಂದರು ಎಲ್ಲರೂ. ನಾನೂ ಹಾಗೇ ಅಂದೆ. ಆರು ವರ್ಷ ಅದನ್ನೇ ನಂಬಿಕೊಂಡಿದ್ದೆ.

ಕಳೆದ ತಿಂಗಳು ನನಗೆ ಮಾಡಿದ್ದು ಅದೇ ಸ್ಕ್ಯಾನ್. ದ್ರವ ಒಳಗೆ ಹೋದಂತೆ ಪರದೆಯ ಮೇಲೆ ಕಪ್ಪಗಿದ್ದ ಹೃದಯದ ಗೋಡೆ ನಿಧಾನವಾಗಿ ಬೆಳಗತೊಡಗಿತು. ಹೊಸ ದಾರಿಗಳಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದೆ ಎಂದರು ಡಾಕ್ಟರು. ನಾನು ಮಲಗಿದ್ದಲ್ಲಿಂದಲೇ ಕೇಳಿದೆ, ಅರವತ್ತು ಬಂದವರಿಗೂ ಇದು ಬೇಕಾಗುತ್ತದೆಯೇ ಎಂದು. ಆ ಡಾಕ್ಟರಿಗೆ ನನ್ನ ಮಗಳ ವಯಸ್ಸು. ಸಮಾಧಾನದಿಂದ ಹೇಳಿದರು.

"ಅರವತ್ತು ಅನ್ನೋದು ಸುಮ್ಮನೆ ಮಲಗಿದ್ದಾಗ ಪಂಪ್ ಆಗೋ ಲೆಕ್ಕ ಸರ್. ನಡೆದಾಗ ಎಲ್ಲಾ ಕಡೆ ರಕ್ತ ಸಾಲುತ್ತಾ ಅನ್ನೋದು ಬೇರೆ ಪ್ರಶ್ನೆ. ಎದೆ ಬಿಗಿದ್ರೆ ನೋಡಲೇಬೇಕು."

ಮಾಡಿಸಿದ್ದರೆ ಅವನು ಉಳಿಯುತ್ತಿದ್ದನೇ, ಗೊತ್ತಿಲ್ಲ. ನೋಡುವುದನ್ನೇ ತಪ್ಪಿಸಿದವನು ನಾನು ಎಂಬುದು ಮಾತ್ರ ಗೊತ್ತು.

ಮೊನ್ನೆ ಅವನ ಹೆಂಡತಿಯ ಬಳಿ ಹೋದೆ. "ಬರ್ರಿ ಸರ್, ಕುಂದರ್ರಿ" ಎಂದು ಕುರ್ಚಿ ಒರೆಸಿದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಆ ಹಾಳೆ ನನಗೆ ಅರ್ಥವಾಗಿರಲಿಲ್ಲ ಎಂಬುದನ್ನೂ ಹೇಳಿದೆ. ಅವಳು ಸೆರಗಿನ ತುದಿ ಹಿಡಿದುಕೊಂಡು ಕೇಳಿಸಿಕೊಂಡಳು, ಆಮೇಲೆ ಹೇಳಿದಳು.

"ಆ ಸ್ವಾಮಾರ ನಿಮ್ಮ ಜೋಡಿ ನಡದು ಬಂದು ಹುಬ್ಬಳ್ಳಿ ಬಸ್ಸಿಗೆ ಹೋಗಾಕ ತಯಾರಾಗಿ ಕುಂತಿದ್ರು ಸರ್. ಆಮ್ಯಾಲೆ ಅಂಗಿ ಕಳದು ಗೂಟಕ್ಕ ಹಾಕಿದ್ರು. ಸರ್ ಬ್ಯಾಡ ಅಂದಾರ, ಹೋದ್ರ ಅವ್ರ ಮಾತು ಮೀರಿದಂಗ ಆಕ್ಕೈತಿ ಅಂದ್ರು."

ಇವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಈ ಆರು ವರ್ಷವೂ ದಾರಿಯಲ್ಲಿ ಸಿಕ್ಕಾಗಲೆಲ್ಲ ನನಗೆ ನಮಸ್ಕಾರ ಹೇಳುತ್ತಿದ್ದಳು.

ಬೈಯಲಿ ಎಂದು ಕಾದೆ. ಅವಳು ನನ್ನ ಎದೆಯ ಕಡೆ ನೋಡಿದಳು.

"ನಿಮಗ ಸರಿಯಾಗಿ ರಕ್ತ ಮುಟ್ಟಾಕತ್ತೈತೇನ್ರಿ?"

ಮುಟ್ಟುತ್ತಿದೆ ಎಂದೆ.

"ಚಲೋ ಆತ್ ಬಿಡ್ರಿ" ಎಂದು ಚಹಾಕ್ಕೆ ಇಡಲು ಒಳಗೆ ಹೋದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ...