ಅಳದ ಮಗುವಿನ ಹೆಸರಿನ ಮುಂದೆ ‘ಹೌದು’

ದೇವಕಿಯ ಮಗನ ಮಿದುಳಿಗೆ ಘಾಸಿಯಾದದ್ದು ಹೆರಿಗೆಯಲ್ಲಿ. ಅದು ಎಸ್ಟೇಟಿನ ಮ್ಯಾನೇಜರರಿಗೆ ಗೊತ್ತಿತ್ತು. ಗೊತ್ತಿದ್ದೂ ಅವರು ತಾಯಿಯನ್ನೇ ಅಪರಾಧಿಯಾಗಿಸಿದರು.

ಮದರಾಸಿನಲ್ಲಿ ವೈದ್ಯಪದವಿ ಪಡೆದು, ಚೀಫ್ ಕಮಿಷನರರ ಆಡಳಿತದ ಕೊಡಗಿಗೆ ಮರಳಿ, ಸಿದ್ದಾಪುರದ ಬಳಿಯ ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಗೆ ನಾನು ಸೇರಿದ ಮೇಲಿನ ಮೊದಲ ಪಿಕಿಂಗ್, ಅಂದರೆ ಕಾಫಿ ಕೊಯ್ಲಿನ, ಹಂಗಾಮು ಅದು. ಕೂಲಿಗಳ ಸಾಲುಮನೆಗಳ ಲೈನಿನಿಂದ ಕರೆ ಬಂದು ನಾನು ತಲುಪುವಷ್ಟರಲ್ಲಿ ಮಗು ಹುಟ್ಟಿಯಾಗಿತ್ತು.

“ನೀಲಿ ಆಗಿತ್ತು ಡಾಕ್ಟ್ರಮ್ಮ. ಬಿಸಿನೀರು, ತಣ್ಣೀರು ಎರಡೂ ಎರಚಿದೆ. ಉಸಿರು ಈಗಷ್ಟೇ ಬಂತು. ಅಳು ಮಾತ್ರ ಇಲ್ಲ,” ಎಂದಳು ಸೂಲಗಿತ್ತಿ ಅಕ್ಕಮ್ಮ.

ಮಗುವಿನ ಕೈಕಾಲು ಒದ್ದೆ ಬಟ್ಟೆಯಂತೆ ಜೋತಿದ್ದವು. ಮೊಲೆ ಚೀಪಲಿಲ್ಲ. ಮರುದಿನ ಬೆಳಿಗ್ಗೆ ಫಿಟ್ಸ್ ಬಂತು. ಇವುಗಳಲ್ಲಿ ಒಂದೇ ಲಕ್ಷಣವಿದ್ದರೆ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತವೆ; ಎಲ್ಲವೂ ಕೂಡಿದರೆ ಮಿದುಳು ಉಸಿರಿಲ್ಲದೆ ಬಳಲಿದೆ ಎಂದು ಶಂಕಿಸಬೇಕು. ಮಗು ಹುಟ್ಟಿದೊಡನೆ ಅಳಲಿಲ್ಲ, ಕತ್ತು ನಿಲ್ಲುವುದು ತಡವಾಗಬಹುದು, ಕೈಕಾಲು ಬಿಗಿಯಬಹುದು ಎಂದು ಮ್ಯಾನೇಜರರಿಗೆ ಚೀಟಿ ಬರೆದೆ. ಅವರು ಸಹಿ ಮಾಡಿದ ಕಾರ್ಬನ್ ಪ್ರತಿ ನನ್ನಲ್ಲಿದೆ.

ಆದರೆ ಜನನದ ರಿಜಿಸ್ಟರಿನಲ್ಲಿ ‘ಹುಟ್ಟಿದೊಡನೆ ಅತ್ತಿತೇ?’ ಎಂಬ ಕಾಲಮ್ಮಿನಲ್ಲಿ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ‘ಹೌದು’ ಎಂದು ಬರೆದಿದ್ದ. ತಿದ್ದಲು ಹೇಳಿದೆ.

“ಉಸಿರಿದ್ರೆ ಹೌದು, ಹೆಣವಾದ್ರೆ ಇಲ್ಲ. ಮುಂಚಿನ ರೈಟರೂ ಹಂಗೇ ಬರೀತಿದ್ರು. ಕೂಲಿ ಮಗು ಯಾವ ರಾಗದಲ್ಲಿ ಅತ್ತಿತು ಅಂತ ದೊರೆಗ್ಯಾಕಮ್ಮ?” ಎಂದು ನಕ್ಕ.

ಚೀಟಿಯೇ ಸಾಕೆಂದು ಸುಮ್ಮನಾದೆ. ಆ ತಪ್ಪು ನನ್ನದು.

ಎಂಟು ತಿಂಗಳಾದರೂ ಮಗುವಿನ ಕತ್ತು ನಿಲ್ಲಲಿಲ್ಲ. ಮಗುವನ್ನು ಬಿಟ್ಟು ಕೆಲಸಕ್ಕೆ ಬರಲಾರೆ ಎಂದಳು ದೇವಕಿ. ಬೆಳಗಿನ ಮಸ್ಟರಿನಲ್ಲಿ, ಹಾಜರಿಗೆ ನಿಂತ ಎಲ್ಲರೆದುರು, ಮ್ಯಾನೇಜರ್ ಆ ‘ಹೌದು’ ಓದಿಸಿದರು. ಸರಿಯಾಗಿ ಹುಟ್ಟಿದ ಮಗುವನ್ನು ತಾಯಿಯೇ ಬೀಳಿಸಿದ್ದಾಳೆ, ಸಂಜೆಯೊಳಗೆ ಲೈನಿನ ಮನೆ ಖಾಲಿ ಮಾಡಲಿ ಎಂದರು.

“ನಾ ಬೀಳಿಸ್ಲಿಲ್ಲ ಅಂತ ನೀವಾದ್ರೂ ಹೇಳಿ ಅಮ್ಮ,” ಎಂದಳು ದೇವಕಿ, ಅಲ್ಲಿಗೆ ಬಂದಿದ್ದ ನನ್ನತ್ತ ತಿರುಗಿ.

ಹೇಳಿದೆ. ಪ್ರತಿಯನ್ನೂ ತೋರಿಸಿದೆ.

“ನಿಮ್ಮ ಕೆಲಸ ಔಷಧಿ ಕೊಡುವುದು,” ಎಂದರು ಮ್ಯಾನೇಜರ್.

ದೇವಕಿ ಈಗ ಮಗುವಿನೊಂದಿಗೆ ಸಿದ್ದಾಪುರದಲ್ಲಿ ಅಕ್ಕಮ್ಮನ ಜಗಲಿಯಲ್ಲಿದ್ದಾಳೆ. ಹುಟ್ಟಿನ ಮೊದಲ ನಿಮಿಷಗಳನ್ನು ಕಂಡವರಿಂದಲೇ ಕೇಳಿ ಬರೆಯಬೇಕೆಂಬುದನ್ನು ಈ ವೃತ್ತಿ ನನಗೆ ದೇವಕಿಯ ಮಾನದ ಬೆಲೆಗೆ ಕಲಿಸಿತು. ಮ್ಯಾನೇಜರರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ.

ಎಸ್ಟೇಟಿನ ಮಾಲೀಕರಲ್ಲಿ ನನ್ನ ವಿನಂತಿ: ಸಹಿ ಮಾಡಿದ ಚೀಟಿಯನ್ನು ನಿಮ್ಮ ಮ್ಯಾನೇಜರ್ ಮುಚ್ಚಿಟ್ಟದ್ದೇಕೆ ಎಂಬುದಕ್ಕೆ ಲಿಖಿತ ಉತ್ತರ ಕೊಡಿಸಬೇಕು. ದೇವಕಿಗೆ ಮನೆ ಮರಳಿಸಬೇಕು. ಆ ‘ಹೌದು’ ಹೊಡೆದುಹಾಕಿ, ಅಕ್ಕಮ್ಮ ಕಂಡದ್ದನ್ನು ಬರೆಸಬೇಕು. ತಿದ್ದಿದ ಆ ಸಾಲನ್ನು ಅದೇ ಮಸ್ಟರಿನಲ್ಲಿ, ದೇವಕಿಯ ಎದುರು, ಮ್ಯಾನೇಜರರೇ ಗಟ್ಟಿಯಾಗಿ ಓದಬೇಕು.